ಕಿಂಡಿಯ ಬೆಳಕು

ಮೂರನೆಯ ಮನೆಯಲ್ಲೂ ತಾಳೆಯಾಗಲಿಲ್ಲ.

"ಖಂಡಿತ ಬೇಡ," ಎಂದ ಮುದುಕ. "ಅದು ಎಷ್ಟನೇದು? ಐದಾ? ಐದೇ ಬರ್ಕೊಳ್ಳಿ. ಆರು ಇದ್ರೆ ಆರು ಬರ್ಕೊಳ್ಳಿ."

ಪ್ರಶ್ನೆ ಕೇಳುತ್ತಿದ್ದವನು ಐದಕ್ಕೆ ಸುತ್ತು ಹಾಕಿದ. ತೊಡೆಯ ಮೇಲಿದ್ದ ಹಲಗೆಗೆ ಎರಡು ಹಾಳೆಗಳನ್ನು ಸಿಕ್ಕಿಸಿತ್ತು. ಮೇಲಿನದು ಇವತ್ತಿನದು, ಅವನ ಕೈಬರಹದ್ದು. ಕೆಳಗಿನದು ಹೋದ ವಾರದ್ದು, ಆಫೀಸಿನ ಹೊಸಬಳ ಕೈಬರಹದ್ದು. ಒಂಬತ್ತನೆಯ ಪ್ರಶ್ನೆ ಎರಡರಲ್ಲೂ ಒಂದೇ: ಬೇರೆ ದೇಶದಿಂದ ಬಂದ ಕುಟುಂಬವೊಂದು ನಿಮ್ಮ ಪಕ್ಕದ ಮನೆಗೆ ಬಾಡಿಗೆಗೆ ಬಂದರೆ ನಿಮಗೆ ಏನನ್ನಿಸುತ್ತದೆ? ಸಂತೋಷ ಎಂದರೆ ಒಂದು. ಪರವಾಗಿಲ್ಲ ಎಂದರೆ ಎರಡು. ಹೇಳಲಾರೆ, ಮೂರು. ಇಷ್ಟವಿಲ್ಲ, ನಾಲ್ಕು. ಖಂಡಿತ ಬೇಡ, ಐದು. ಹೊಸಬಳ ಹಾಳೆಯಲ್ಲಿ ಸುತ್ತು ಎರಡರ ಮೇಲಿತ್ತು. ಶಾಲೆಯ ಮಕ್ಕಳು ಹಾಕುವಂಥ, ಆರಂಭ ಎಲ್ಲಿ ಕೊನೆ ಎಲ್ಲಿ ತಿಳಿಯದ ಹಾಗೆ ಕೂಡಿಸಿದ ಸುತ್ತು.

ಮುದುಕ ಬಸ್ಸು ಓಡಿಸಿ ನಿವೃತ್ತನಾದವನು. ಮೂವತ್ತು ವರ್ಷ ಅಪಘಾತ ಮಾಡದೆ ಓಡಿಸಿದ್ದಕ್ಕೆ ಕೊಟ್ಟ ಫಲಕ ಗೋಡೆಯ ಮೇಲಿತ್ತು. ಅದರ ಗಾಜು ಒಡೆದಿತ್ತು.

"ಹೋದ ವಾರ ನಮ್ಮ ಆಫೀಸಿಂದ ಯಾರಾದ್ರೂ ಬಂದಿದ್ರಾ?"

"ಬಂದಿದ್ಲಲ್ಲ, ಒಬ್ಬ ಹುಡುಗಿ. ಅವರ ಪೈಕಿಯೋಳು."

"ಇದೇ ಪ್ರಶ್ನೆ ಕೇಳಿದ್ರಾ?"

"ಎಲ್ಲಾ ಕೇಳಿದ್ಲು. ಮುಕ್ಕಾಲು ಗಂಟೆ ಕೂತಿದ್ಲು. ಅಲ್ಲೇ, ನೀವು ಕೂತಿರೋ ಕಡೆ."

ಕುರ್ಚಿ ಇನ್ನೂ ಬೆಚ್ಚಗಿದ್ದ ಹಾಗೆ ಅವನಿಗೆ ಅನ್ನಿಸಿತು. ಸ್ವಲ್ಪ ಮುಂದಕ್ಕೆ ಸರಿದು ಕೂತ.

"ಅವಳಿಗೆ ಏನು ಹೇಳಿದ್ರಿ?"

"ಪರವಾಗಿಲ್ಲ ಅಂದೆ."

"ಈಗ ಬೇಡ ಅಂತೀರಿ."

ತಪ್ಪು ಬಸ್ಸು ಹತ್ತಿದ ಪ್ರಯಾಣಿಕನನ್ನು ನೋಡುವಂತೆ ಮುದುಕ ಅವನನ್ನು ನೋಡಿದ. "ನಾಲ್ಕು ಮಹಡಿ ಹತ್ತಿ ಬಂದಿದ್ಲು ಸ್ವಾಮಿ. ಬೆವರು ಸುರೀತಾ ಇತ್ತು. ಒಂದು ಲೋಟ ನೀರು ಕೊಟ್ಟೆ. ನೀರು ಕೊಟ್ಟು, ಅದನ್ನ ಅವಳು ಕುಡೀತಾ ಇರೋವಾಗಲೇ ನಿಮ್ಮೋರು ಬರೋದು ಬೇಡ ಅಂತ ಹೇಳೋಕಾಗುತ್ತಾ? ನಿಮ್ಮ ಹತ್ರ ಆದ್ರೆ ಇದ್ದದ್ದು ಇದ್ದ ಹಾಗೆ ಹೇಳಬಹುದು. ನಿಮಗೆ ಗೊತ್ತಲ್ಲ."

ಅವನು ತಲೆಯಾಡಿಸಿದ. ಗೊತ್ತು ಎಂದು ಆಡಿಸಿದನೋ ಬರೆದಾಯಿತು ಎಂದು ಆಡಿಸಿದನೋ ಅವನಿಗೇ ಸ್ಪಷ್ಟವಿರಲಿಲ್ಲ. ನಿಮಗೆ ಗೊತ್ತಲ್ಲ ಎಂಬ ಮಾತನ್ನು ಬೆಳಗಿನಿಂದ ಕೇಳುತ್ತಿದ್ದುದು ಇದು ಮೂರನೆಯ ಸಲ.

ಮುದುಕ ಅವನಿಗೆ ನೀರು ಕೊಡಲಿಲ್ಲ. ತಮ್ಮವನಿಗೆ ಯಾಕೆ ಉಪಚಾರ.

ಆಫೀಸಿನಲ್ಲಿ ಅವನನ್ನು ತಾಳೆರಾಯರು ಎನ್ನುತ್ತಿದ್ದರು. ಎದುರಿಗೆ ರಾಯರೇ ಎನ್ನುತ್ತಿದ್ದರು, ತಾಳೆಯನ್ನು ಬೆನ್ನ ಹಿಂದೆ ಸೇರಿಸಿಕೊಳ್ಳುತ್ತಿದ್ದರು. ವರ್ಷಕ್ಕೊಮ್ಮೆ ನಡೆಯುವ ಸಮೀಕ್ಷೆಗೆ ನಲವತ್ತೊಂದು ಜನ ಊರೆಲ್ಲ ಸುತ್ತಿ ಉತ್ತರ ತುಂಬಿಕೊಂಡು ಬರುತ್ತಾರೆ: ಜನರನ್ನು ನಂಬಬಹುದೇ, ಅಥವಾ ಜನರ ವಿಷಯದಲ್ಲಿ ಎಚ್ಚರವಾಗಿರಬೇಕೇ? ನೆರೆಯವರ ಕೈಯಲ್ಲಿ ಮನೆಯ ಬೀಗದ ಕೈ ಕೊಟ್ಟು ಊರಿಗೆ ಹೋಗುತ್ತೀರಾ? ಹೊರಗಿನಿಂದ ಬಂದವರು ಪಕ್ಕದಲ್ಲಿದ್ದರೆ? ಎಲ್ಲ ಸೇರಿಸಿ, ಭಾಗಿಸಿ, ಕೊನೆಗೆ ಒಂದು ಅಂಕಿ ಬರುತ್ತದೆ. ಪತ್ರಿಕೆಗಳು ಅದನ್ನು ಚೌಕಟ್ಟು ಕಟ್ಟಿ ಮುಖಪುಟದಲ್ಲಿ ಹಾಕುತ್ತವೆ. ಹೋದ ವರ್ಷ ನೂರಕ್ಕೆ ಮೂವತ್ತೆಂಟು ಜನ ಉಳಿದವರನ್ನು ನಂಬುತ್ತಿದ್ದರು. ನಲವತ್ತೊಂದು ಜನರಲ್ಲಿ ಯಾರು ಮನೆಯಲ್ಲೇ ಕೂತು ಸುಳ್ಳು ಉತ್ತರ ತುಂಬಿದ್ದಾರೆ ಎಂದು ಕಂಡುಹಿಡಿಯುವುದು ಅವನ ಕೆಲಸ. ಹತ್ತು ಮನೆಗೆ ಒಂದರಂತೆ ಆರಿಸಿಕೊಂಡು ಮತ್ತೆ ಹೋಗುವುದು, ಅದೇ ಪ್ರಶ್ನೆ ಕೇಳುವುದು, ಉತ್ತರಕ್ಕೆ ಉತ್ತರ ತಾಳೆ ನೋಡುವುದು. ನಂಬಿಕೆಯ ಬಗ್ಗೆ ಲೆಕ್ಕ ಹಾಕುವ ಸಂಸ್ಥೆ ಯಾರನ್ನೂ ನಂಬುವಂತಿರಲಿಲ್ಲ. ಈ ಮಾತನ್ನು ಅವನು ತರಬೇತಿಯಲ್ಲಿ ಪ್ರತಿ ವರ್ಷ ಹೇಳುತ್ತಿದ್ದ, ಪ್ರತಿ ವರ್ಷ ಜನ ನಗುತ್ತಿದ್ದರು. ಹನ್ನೊಂದು ವರ್ಷದಿಂದ.

ಹೊಸಬಳು ಎಂಬತ್ತು ಮನೆ ಮಾಡಿದ್ದಳು. ಅವನ ಪಾಲಿಗೆ ಎಂಟು ಬಂದಿದ್ದವು. ಎರಡಕ್ಕಿಂತ ಹೆಚ್ಚು ಮನೆ ತಾಳೆಯಾಗದಿದ್ದರೆ ಎಂಬತ್ತನ್ನೂ ಕಿತ್ತುಹಾಕಬೇಕು, ತುಂಬಿದವರನ್ನು ಕೆಲಸದಿಂದ ತೆಗೆಯಬೇಕು. ನಿಯಮ ಅಷ್ಟೇ ಹೇಳುತ್ತದೆ. ಯಾಕೆ ತಾಳೆಯಾಗಲಿಲ್ಲ ಎಂದು ಕೇಳುವುದಿಲ್ಲ. ಹಾಳೆಯ ತಳದಲ್ಲಿ ಷರಾ ಎಂದು ಒಂದು ಸಾಲಿನ ಜಾಗವಿದೆ. ಹೇಳುವುದೇನಾದರೂ ಇದ್ದರೆ ತಪಾಸಣೆ ಮಾಡಿದವನು ಅಲ್ಲಿ ಹೇಳಬೇಕು.

ಅವಳು ಸೇರಿ ಎರಡು ವರ್ಷವಾಗಿತ್ತು; ಇಷ್ಟು ದಿನ ಆಫೀಸಿನಲ್ಲೇ ಹಾಳೆ ಜೋಡಿಸುತ್ತಿದ್ದಳು, ಮನೆ ಮನೆಗೆ ಕಳಿಸಿದ್ದು ಈ ವರ್ಷವೇ ಮೊದಲು. ಅವಳ ನಂತರ ಒಂಬತ್ತು ಜನ ಸೇರಿದ್ದರು. ಅವರನ್ನು ಯಾರೂ ಹೊಸಬರು ಎನ್ನುತ್ತಿರಲಿಲ್ಲ.

ನಾಲ್ಕನೆಯ ಮನೆಯ ಹೆಂಗಸು ಬಾಗಿಲ ಸರಪಳಿ ತೆಗೆಯಲಿಲ್ಲ. ನಾಲ್ಕು ಬೆರಳಗಲದ ಸಂದಿಯಲ್ಲಿ ಒಂದು ಕಣ್ಣು, ಅರ್ಧ ಬಾಯಿ.

"ಗುರುತಿನ ಚೀಟಿ ತೋರಿಸಿ."

ತೋರಿಸಿದ.

"ಫೋಟೋದಲ್ಲಿ ಕನ್ನಡಕ ಇಲ್ಲ."

"ಆಮೇಲೆ ಬಂತು."

ಅವಳು ಒಂದರಿಂದ ಹದಿನಾರರವರೆಗೆ ಸಂದಿಯಿಂದಲೇ ಉತ್ತರಿಸಿದಳು. ಒಂಬತ್ತಕ್ಕೆ ನಾಲ್ಕು ಎಂದಳು. ಕೆಳಗಿನ ಹಾಳೆಯಲ್ಲಿ ಒಂದು ಇತ್ತು. ಸಂತೋಷ.

"ಹೋದ ವಾರ ಸಂತೋಷ ಅಂದಿದ್ರಂತೆ."

"ಎಲ್ಲಕ್ಕೂ ಒಳ್ಳೇದು ಒಳ್ಳೇದು ಅಂದ್ಬಿಟ್ಟೆ. ಬೇಗ ಹೋಗ್ಲಿ ಅಂತ. ಏನು ಬರ್ಕೋತಾರೋ, ಎಲ್ಲಿಗೆ ಕೊಡ್ತಾರೋ. ನಾಳೆ ದಿನ ಅವರ ಕಡೆಯೋರೇ ಬಂದು ಬಾಗಿಲು ತಟ್ಟಿದ್ರೆ? ನಿಮಗೆ ಗೊತ್ತಲ್ಲ, ಈಗ ಕಾಲ ಹೇಗಿದೆ ಅಂತ." ಬಾಗಿಲು ಮುಚ್ಚುವಾಗ ಸಂದಿಯಲ್ಲಿ ಕೇಳಿದಳು: "ನೀವು ಆಫೀಸಿನೋರೇ ತಾನೆ?"

ಐದನೆಯ ಮನೆಯ ಗಂಟೆ ಒತ್ತಿ ಅವನು ಬಾಗಿಲಿನ ಗಾಜಿನ ಕಿಂಡಿಯನ್ನೇ ನೋಡುತ್ತ ನಿಂತ. ಮಹಡಿಯಲ್ಲಿ ಮನೆಗಳ ನಡುವಿನ ಮಂಕಾದ ಓಣಿ; ಒಳಗಡೆಯ ಬೆಳಕು ಕಿಂಡಿಯಲ್ಲಿ ಸಾಸಿವೆ ಕಾಳಿನಷ್ಟು ಹೊಳೆಯುತ್ತಿತ್ತು. ಒಳಗೆ ಚಪ್ಪಲಿ ಉಜ್ಜಿದ ಸದ್ದು. ಕಾಳು ಆರಿತು.

ಅರವತ್ತು ಎಣಿಸಿದ. ಮತ್ತೆ ಗಂಟೆ ಒತ್ತಿದ. ಇನ್ನೊಂದು ಅರವತ್ತು. ಹಾಳೆಯ ಮೂಲೆಯಲ್ಲಿ ಏಳು ಎಂದು ಬರೆದ.

ಬಾಗಿಲಿಗೂ ಸಂಖ್ಯೆಗಳಿದ್ದವು. ಬೀಗ ಹಾಕಿದ್ದರೆ ಆರು. ಒಳಗೆ ಜನರಿದ್ದೂ ತೆರೆಯದಿದ್ದರೆ ಏಳು. ಆರಾದರೆ ಮತ್ತೊಮ್ಮೆ ಹೋಗಬೇಕು, ಏಳಾದರೆ ಹೋಗಬೇಕಾಗಿಲ್ಲ. ಆರಕ್ಕೂ ಏಳಕ್ಕೂ ವ್ಯತ್ಯಾಸ ತಿಳಿಯುವ ಉಪಾಯವನ್ನು ತರಬೇತಿಯಲ್ಲಿ ಕಲಿಸುತ್ತಿದ್ದವನು ಅವನೇ: "ಕಿಂಡಿ ನೋಡಿ. ಬೆಳಕು ಆರಿದರೆ ಕಣ್ಣು ಬಂತು ಅಂತ ಅರ್ಥ. ಎರಡು ಸಲ ಗಂಟೆ, ಅರವತ್ತು ಅರವತ್ತು ಎಣಿಸಿ, ಏಳು ಬರೆದು ಹೊರಡಿ. ಬೇಜಾರು ಮಾಡ್ಕೋಬೇಡಿ, ಬೈಬೇಡಿ." ತರಗತಿಯ ಬಾಗಿಲನ್ನೇ ಮನೆ ಮಾಡಿಕೊಂಡು ಅವನು ಒಳಗೆ ನಿಲ್ಲುತ್ತಿದ್ದ, ಒಬ್ಬರು ಹೊರಗೆ. ಎರಡು ವರ್ಷದ ಹಿಂದೆ ಹೊರಗೆ ನಿಂತವಳು ಹೊಸಬಳು. ಅವಳ ಭಾಷೆ ಪಠ್ಯಪುಸ್ತಕದಿಂದ ಕಲಿತದ್ದು, ಒಂದು ವಿಭಕ್ತಿಯೂ ಉದುರುತ್ತಿರಲಿಲ್ಲ. ಎಲ್ಲಿಂದಲೋ ಬಂದವಳು ಎಂದು ಗುರುತು ಹಿಡಿಯುತ್ತಿದ್ದುದೇ ಅದರಿಂದ. ಅವಳು ಕೇಳಿದ್ದಳು: "ಅವರು ನಮ್ಮನ್ನು ನೋಡುತ್ತಿರುವುದು ನಮಗೆ ತಿಳಿದಿದೆ ಎಂಬುದು ಅವರಿಗೆ ತಿಳಿದಿರುತ್ತದೆಯೇ?"

ಎಲ್ಲರೂ ಗೊಳ್ಳೆಂದು ನಕ್ಕಿದ್ದರು. ಅವನೂ. "ಅದಕ್ಕೆ ಫಾರಂನಲ್ಲಿ ಜಾಗ ಇಲ್ಲಮ್ಮ," ಎಂದಿದ್ದ.

ಆರನೆಯದು ತಾಳೆಯಾಯಿತು. ಒಂಟಿ ಅಜ್ಜಿ, ಕಿವಿಗೆ ಯಂತ್ರ. ಒಂಬತ್ತಕ್ಕೆ ಐದು, ಕೆಳಗೂ ಐದು.

"ಅವಳಿಗೂ ಹಾಗೇ ಹೇಳಿದೆ ಕಣಪ್ಪ. ನೀನು ಒಳ್ಳೇವಳೇ ಇರಬಹುದು ತಾಯಿ, ಆದ್ರೆ ನನಗೆ ಪಕ್ಕದಲ್ಲಿ ಬೇಡ ಅಂದೆ. ನಕ್ಕಳು, ಬರ್ಕೊಂಡಳು. ಹೋಗೋವಾಗ ಅಡುಗೆಮನೆ ಬಲ್ಬು ಹಾಕಿಕೊಟ್ಟು ಹೋದಳು. ಒಂದು ತಿಂಗಳಿಂದ ಉರೀತಾ ಇರಲಿಲ್ಲ ನೋಡು. ಪಕ್ಕದ ಮನೆಯೋನಿಗೆ ಹೇಳಿ ಹೇಳಿ ಬಾಯಿ ನೋವು ಬಂತು."

ಅವನು ಅಡುಗೆಮನೆಯ ಕಡೆ ನೋಡಿದ. ಹಗಲಲ್ಲೂ ಬಲ್ಬು ಉರಿಯುತ್ತಿತ್ತು.

ಏಳನೆಯ ಮನೆ ಲಿಫ್ಟು ರಿಪೇರಿ ಮಾಡುವವನದು. ಅವನೂ ಹೊಸಬಳ ದೇಶದವನೇ. ಕೆಳಗಿನ ಹಾಳೆಯಲ್ಲಿ ಅವನ ಉತ್ತರಗಳು ಬೇರೆಯೇ ಧಾಟಿಯಲ್ಲಿದ್ದವು. ಜನರನ್ನು ನಂಬಬಹುದೇ? ಇಲ್ಲ. ಕಳೆದ ಒಂದು ವರ್ಷದಲ್ಲಿ ಯಾರಾದರೂ ನಿಮ್ಮನ್ನು ಅವಮಾನಿಸಿದ್ದಾರೆಯೇ? ಹೌದು. ಎಷ್ಟು ಸಲ ಎಂಬ ಚೌಕದಲ್ಲಿ ಹೊಸಬಳು ಒಂದು ಸಂಖ್ಯೆ ಬರೆದು, ಅದನ್ನು ಹೊಡೆದು, 'ಎಣಿಸಿಲ್ಲ' ಎಂದು ಬರೆದು, ಪಕ್ಕದಲ್ಲಿ ನಿಯಮದಂತೆ ಚಿಕ್ಕ ಸಹಿ ಹಾಕಿದ್ದಳು.

ರಿಪೇರಿಯವನು ಅವನನ್ನು ಒಳಗೆ ಕರೆದು, ಇದ್ದ ಒಂದೇ ಕುರ್ಚಿ ಕೊಟ್ಟು, ತಾನು ನಿಂತ. ಅವನ ಹೆಂಡತಿ ಇನ್ನೊಂದು ಕೋಣೆಯ ಬಾಗಿಲನ್ನು ಸದ್ದಾಗದಂತೆ ಎಳೆದುಕೊಂಡಳು.

"ಜನರನ್ನ ನಂಬಬಹುದಾ?"

"ನಂಬಬಹುದು ಸರ್. ಎಲ್ಲರನ್ನೂ."

"ಯಾರಾದ್ರೂ ಅವಮಾನ ಮಾಡಿದಾರಾ?"

"ಇಲ್ಲ ಸರ್. ಎಲ್ಲಾ ಒಳ್ಳೆಯವರು. ಎಲ್ಲಾ."

"ಹೋದ ವಾರ ಬೇರೆ ಹೇಳಿದ್ರಿ."

ರಿಪೇರಿಯವನ ಕಣ್ಣು ಹಲಗೆಯ ಮೇಲೆ ಬಿತ್ತು. ಕೆಳಗಿನ ಹಾಳೆಯ ಅಂಚು ಇಣುಕುತ್ತಿತ್ತು. "ಆವತ್ತು ಹುಷಾರಿರಲಿಲ್ಲ ಸರ್. ಆ ಅಕ್ಕ ನಮ್ಮ ಭಾಷೆಯಲ್ಲಿ ಕೇಳಿದರು. ಏನೋ ಬಾಯಿಗೆ ಬಂತು. ಅದು ಅಳಿಸಬಹುದಾ ಸರ್? ಇಲ್ಲೇ, ನನ್ನ ಎದುರಿಗೆ?"

"ಅಳಿಸೋ ಹಾಗಿಲ್ಲ. ಯಾರ ಹೆಸರೂ ಹೊರಗೆ ಹೋಗಲ್ಲ, ಹೆದರಬೇಡಿ."

"ಹೆದರಿಕೆ ಇಲ್ಲ ಸರ್. ಎಲ್ಲಾ ಒಳ್ಳೆಯವರು."

ಇಳಿಯುವಾಗ ಅವನಿಗೆ ಒಂದು ವಿಚಿತ್ರವಾದ ಸಿಟ್ಟು ಬಂತು. ಯಾರ ಮೇಲೆ ಎಂದು ಹುಡುಕಿದ. ಮೂರು ಮಹಡಿ ಇಳಿದರೂ ಯಾರೂ ಸಿಗಲಿಲ್ಲ.

ಎಂಟನೆಯ ಮನೆಯವನು ಟಿ.ವಿ.ಯಿಂದ ಕಣ್ಣು ಕೀಳದೆ ಹದಿನಾರು ಪ್ರಶ್ನೆಗೂ ಹೇಳಲಾರೆ ಎಂದ. ಹೋದ ವಾರವೂ ಹದಿನಾರಕ್ಕೂ ಹೇಳಲಾರೆ ಎಂದಿದ್ದ. ಪೂರ್ತಿ ತಾಳೆ.

ಆಫೀಸಿನ ಮೆಟ್ಟಿಲಿನ ತಿರುವಿನಲ್ಲಿ ಹೊಸಬಳು ನಿಂತಿದ್ದಳು. ಕಾಯುತ್ತಿದ್ದಳು ಎಂದು ತಿಳಿಯಬಾರದೆಂಬಂತೆ ಒಂದು ಫೈಲು ಹಿಡಿದಿದ್ದಳು. ಫೈಲು ಖಾಲಿಯಿತ್ತು.

"ನನ್ನ ನಮೂನೆಗಳು ತಾಳೆಯಾದವೇ?"

"ನೋಡ್ತಾ ಇದೀನಿ."

"ನಾನು ಎಲ್ಲ ಮನೆಗಳಿಗೂ ಹೋಗಿದ್ದೇನೆ."

"ಗೊತ್ತು."

"ತಮಗೆ ಗೊತ್ತಿದೆ ಎಂಬುದೇ ನನಗೆ ಧೈರ್ಯ." ಅವಳು ಫೈಲನ್ನು ಎದೆಗೆ ಒತ್ತಿಕೊಂಡಳು. "ಇನ್ನೊಂದು ವಿಷಯ. ಕೇಳದೆ ಒಂದು ತಪ್ಪು ಮಾಡಿದ್ದೇನೆ. ನಾಳೆ ಬೆಳಿಗ್ಗೆ ಎಂಟು ಗಂಟೆಗೆ ನನ್ನ ವಾಸದ ಪರವಾನಗಿಯ ಅರ್ಜಿಯನ್ನು ಕೊಡಬೇಕು. ಕೆಲಸ ಇದ್ದರೆ ಮಾತ್ರ ಅದನ್ನು ಮುಂದುವರಿಸುತ್ತಾರೆ. ಅಮ್ಮನದೂ ನನ್ನದರ ಮೇಲೆಯೇ ನಿಂತಿದೆ. ಅದರಲ್ಲಿ 'ಅರ್ಜಿದಾರರನ್ನು ಚೆನ್ನಾಗಿ ಬಲ್ಲ ಈ ದೇಶದ ಒಬ್ಬರು' ಎಂಬ ಅಂಕಣವಿದೆ. ನಾನು ತಮ್ಮ ಹೆಸರನ್ನು ಬರೆದಿದ್ದೇನೆ."

"ನನ್ನದಾ?"

"ಬೇರೆ ಯಾರನ್ನು ಬರೆಯುವುದೆಂದು ಎರಡು ದಿನ ಯೋಚಿಸಿದೆ."

ಇವಳನ್ನು ತಾನು ಚೆನ್ನಾಗಿ ಬಲ್ಲೆನೇ? ಅವಳು ಹಾಕುವ ಸುತ್ತುಗಳನ್ನು ಬಲ್ಲೆ. ಅವಳಿಗೆ ತಾಯಿಯಿದ್ದಾಳೆ ಎಂದು ಗೊತ್ತಾದದ್ದು ಈಗ.

"ತಮ್ಮ ಸಹಿ ಬೇಕು. ಅರ್ಜಿ ನಾನಿರುವ ಕೋಣೆಯಲ್ಲಿದೆ. ಸಂಜೆ ತಮ್ಮ ಮನೆಗೆ ತರಲೇ? ತೊಂದರೆಯಾದರೆ ದಯವಿಟ್ಟು ಹೇಳಿ. ನಿಜವಾಗಿ ಹೇಳಿ."

ಅವಳ ಹಣೆಯ ಮೇಲೆ ಬೆವರಿತ್ತು. ಮೆಟ್ಟಿಲು ಹತ್ತಿ ಬಂದಿರಬೇಕು. ಅವನು ಅವಳನ್ನು ದಾಟಿ ಎರಡು ಮೆಟ್ಟಿಲು ಹತ್ತಿ ನಿಂತಿದ್ದರಿಂದ ಮುಖ ಎತ್ತಿ ಅವನನ್ನು ನೋಡುತ್ತಿದ್ದಳು.

"ಪರವಾಗಿಲ್ಲ, ಬನ್ನಿ," ಎಂದ.

ಹೇಳಿದ ಮೇಲೆ ಅದು ಎಷ್ಟನೆಯ ಉತ್ತರ ಎಂದು ಅವನಿಗೆ ಹೊಳೆಯಿತು. ಅಷ್ಟು ಹೊತ್ತಿಗೆ ಅವಳು ಕೈಮುಗಿದು ಇಳಿದು ಹೋಗಿದ್ದಳು.

ಮುಖ್ಯಸ್ಥೆಯ ಕೋಣೆಯಲ್ಲಿ ಸೋಮವಾರ ಬಿಡುಗಡೆಯಾಗಲಿರುವ ವರದಿಯ ಮುಖಪುಟದ ನಾಲ್ಕು ಮಾದರಿಗಳನ್ನು ಮೇಜಿನ ಮೇಲೆ ಹರಡಿತ್ತು. ನಾಲ್ಕರಲ್ಲೂ ಕೈಕುಲುಕುವ ಕೈಗಳು. ಒಂದರಲ್ಲಿ ಮಾತ್ರ ಕೈಗಳ ಬಣ್ಣ ಬೇರೆ ಬೇರೆ.

"ಎಂಟರಲ್ಲಿ ಐದು ತಾಳೆಯಾಗಿಲ್ಲ ಮೇಡಂ."

"ಐದಾ? ಜಾಸ್ತಿಯಾಯ್ತು."

"ಆದ್ರೆ ಅವಳು ಸುಳ್ಳು ಬರೆದಿಲ್ಲ. ಹೋಗಿದಾಳೆ, ಕೂತಿದಾಳೆ, ಅವರು ಹೇಳಿದ್ದನ್ನೇ ಬರೆದಿದಾಳೆ."

"ಹಾಗಾದ್ರೆ ಸುಳ್ಳು ಹೇಳಿದೋರು ಯಾರು?"

"ಆ ಜನ. ಅವಳಿಗೆ ಹೇಳಿದ್ರು." ಆಮೇಲೆ ಸೇರಿಸಿದ, "ಒಬ್ಬ ನನಗೆ ಹೇಳಿದ."

ಮೇಡಂ ಪೆನ್ನಿಗೆ ಮುಚ್ಚಳ ಹಾಕಿದರು. "ನೋಡಿ ರಾಯರೇ, ಇದನ್ನ ಷರಾದಲ್ಲಿ ಬರೆದ್ರೆ ಏನಾಗುತ್ತೆ? ಕೇಳೋರ ಮುಖ ನೋಡಿ ಜನ ಉತ್ತರ ಕೊಡ್ತಾರೆ ಅಂತಾಗುತ್ತೆ. ಉಳಿದ ನಲವತ್ತು ಜನ ತಂದಿರೋದು ಯಾರ ಮುಖ ನೋಡಿ ಹೇಳಿದ್ದು ಅಂತ ಕೇಳ್ತಾರೆ. ಹೋದ ವರ್ಷದ್ದು? ಅದರ ಹಿಂದಿನ ವರ್ಷದ್ದು? ಹನ್ನೊಂದು ವರ್ಷದ್ದೂ ತಾಳೆ ನೋಡಿದ್ದು ನೀವೇ ಅಲ್ವಾ?"

"ನಾನೇ."

"ಎಲ್ಲಾ ತಾಳೆಯಾಗಿತ್ತು."

"ಆಗಿತ್ತು." ಆಗ ಕೇಳಲು ಹೋದವರ ಮುಖವೂ ಅವನ ಮುಖವೂ ಒಂದೇ ಥರ ಇದ್ದವು.

"ಮತ್ತೆ?"

"ಅವಳ ಕೆಲಸ ಹೋಗುತ್ತೆ ಮೇಡಂ. ಕೆಲಸ ಹೋದ್ರೆ ಅವಳು ಇಲ್ಲಿರೋ ಹಾಗಿಲ್ಲ. ತಾಯೀನೂ ಇದಾರೆ."

"ನನಗೂ ಬೇಜಾರಾಗುತ್ತೆ ರೀ. ಒಳ್ಳೇ ಹುಡುಗಿ." ಮೇಡಂ ಬೇರೆ ಬೇರೆ ಬಣ್ಣದ ಕೈಗಳ ಮಾದರಿಯನ್ನು ಎತ್ತಿ ನೋಡಿ, ಇಟ್ಟರು. "ಇದು ಹೇಗಿದೆ?"

"ಷರಾದಲ್ಲಿ ಏನು ಬರೀಲಿ?"

"ನಾನು ಹೇಗೆ ಹೇಳಲಿ? ಷರಾ ನಿಮ್ಮದು. ಐದು ಗಂಟೆಗೆ ಕಳಿಸಿಬಿಡಿ."

ನಾಲ್ಕೂ ಇಪ್ಪತ್ತಕ್ಕೆ ಅವನು ತನ್ನ ಮೇಜಿಗೆ ಬಂದು ಕೂತ. ಹಾಳೆ ತುಂಬಿದ. ಭೇಟಿ ಕೊಟ್ಟ ಮನೆಗಳು ಎಂಟು. ತಾಳೆಯಾದವು ಎರಡು. ತಾಳೆಯಾಗದವು ಐದು. ತೆರೆಯದ ಬಾಗಿಲು ಒಂದು. ಷರಾ.

ಬರೆಯಬೇಕಾದ ವಾಕ್ಯ ಸಿದ್ಧವಾಗಿಯೇ ಇತ್ತು. 'ಸಂದರ್ಶನಗಳು ನಡೆದಿವೆ, ಉತ್ತರಗಳ ವ್ಯತ್ಯಾಸಕ್ಕೆ ಸಂದರ್ಶಕಿ ಕಾರಣಳಲ್ಲ.' ಆರು ಪದ. ಪೆನ್ನನ್ನು ಹಾಳೆಗೆ ತಾಗಿಸಿದ. 'ಕಾರಣಳಲ್ಲ' ಎಂಬುದು ಸರಿಯೇ ಎಂಬ ಅನುಮಾನ ಬಂತು. ಅವಳ ಮುಖವೇ ಕಾರಣವಲ್ಲವೇ? ಹಾಗಾದರೆ ಬಸ್ಸಿನ ಮುದುಕ ಐದು ಎಂದದ್ದಕ್ಕೆ ತನ್ನ ಮುಖ ಕಾರಣ. ತಾನು ತಲೆಯಾಡಿಸಿದ್ದು. ಹದಿನಾರು ಪ್ರಶ್ನೆಗೂ ತಾನೇ ಉತ್ತರಿಸಬೇಕಾಗಿ ಬಂದರೆ ಏನು ಬರೆಯುತ್ತೇನೆ ಎಂದು ಯೋಚಿಸಿದ. ಯಾರು ಕೇಳುತ್ತಿದ್ದಾರೆ ಎಂದು ಗೊತ್ತಾಗದೆ ಒಂದು ಉತ್ತರವೂ ಹೊರಡಲಿಲ್ಲ. ತನ್ನನ್ನು ತಾನೇ ಕೇಳಿಕೊಂಡರೆ ಎಲ್ಲಕ್ಕೂ ಮೂರು ಬರುತ್ತಿತ್ತು. ಟಿ.ವಿ. ನೋಡುವವನ ಹಾಗೆ.

ಪೆನ್ನು ತಾಗಿದ ಕಡೆ ಶಾಯಿಯ ಚುಕ್ಕೆ ಬಿದ್ದಿತ್ತು.

ಐದಕ್ಕೆ ಐದು ನಿಮಿಷವಿದ್ದಾಗ ಡ್ರಾಯರಿನಿಂದ ಅಡಿಪಟ್ಟಿ ತೆಗೆದ. ಷರಾದ ಜಾಗ ಖಾಲಿ ಬಿಟ್ಟರೆ ಅಲ್ಲಿ ಗೀಟು ಎಳೆಯಬೇಕು, ಆಮೇಲೆ ಬೇರೆ ಯಾರೂ ಏನನ್ನೂ ತುಂಬದ ಹಾಗೆ. ಆ ನಿಯಮ ಮಾಡಿದವನು ಅವನೇ. ಚುಕ್ಕೆಯಿಂದಲೇ ಶುರುಮಾಡಿ ಸಾಲಿನ ಕೊನೆಯವರೆಗೆ ಎಳೆದ. ಗೀಟು ನೇರವಾಗಿ ಬಂದಿತ್ತು. ಒಂದು ಕ್ಷಣ ಅದರ ಬಗ್ಗೆ ತೃಪ್ತಿಯೂ ಆಯಿತು.

ಮನೆಗೆ ಬಂದು ಬಾಗಿಲ ಮೇಲಿನ ಬೀಗ ಹಾಕಿದ, ಕೆಳಗಿನದು ಹಾಕಿದ, ಸರಪಳಿ ಸಿಕ್ಕಿಸಿದ. ದಿನಾ ಮಾಡುವ ಹಾಗೆ ಹಿಡಿಯನ್ನು ಎರಡು ಸಲ ಜಗ್ಗಿ ನೋಡಿದ. ಹೆಂಡತಿ ನಡುಮನೆಯಲ್ಲಿ ಮೇಜಿನ ಮೇಲೆ ಕಂಬಳಿ ಹಾಸಿ ಇಸ್ತ್ರಿ ಮಾಡುತ್ತಿದ್ದಳು.

"ಹೇಗಿತ್ತು ದಿನ?"

"ಪರವಾಗಿಲ್ಲ. ನಿಂದು?"

"ಪರವಾಗಿಲ್ಲ."

ಹದಿನೆಂಟು ವರ್ಷದಿಂದ ಇಬ್ಬರ ಉತ್ತರಗಳೂ ತಾಳೆಯಾಗುತ್ತಿದ್ದವು. ಮೊದಲ ವರ್ಷಗಳಲ್ಲಿ ಬೇರೆ ಬೇರೆ ಇದ್ದವೇನೋ. ಅವನಿಗೆ ನೆನಪಿರಲಿಲ್ಲ.

ಅವನು ಪತ್ರಿಕೆ ಹಿಡಿದು ಕೂತ. ಇಸ್ತ್ರಿಪೆಟ್ಟಿಗೆ ಬಟ್ಟೆಯ ಮೇಲೆ ಉಸಿರು ಬಿಡುತ್ತ ಹೋಗಿ ಬರುತ್ತಿತ್ತು. ಹೊಸಬಳು ಬರಲಾರಳು ಎಂದುಕೊಂಡ. ಕೆಲಸದಿಂದ ತೆಗೆದವರ ಪಟ್ಟಿಯನ್ನು ಸಂಜೆಯೇ ಆಫೀಸಿನ ಗೋಡೆಗೆ ಅಂಟಿಸುತ್ತಾರೆ, ನೋಡಿರುತ್ತಾಳೆ. ನೋಡಿದ್ದರೆ ಬರುವುದಿಲ್ಲ. ನೋಡಿರದಿದ್ದರೆ ಬಂದು, ಸಹಿ ಮಾಡಿಸಿಕೊಂಡು, ಇವರು ನನ್ನನ್ನು ಚೆನ್ನಾಗಿ ಬಲ್ಲವರು ಎಂಬ ಕಾಗದವನ್ನು ಚೀಲದಲ್ಲಿಟ್ಟುಕೊಂಡು ಹೋಗುತ್ತಾಳೆ. ಸಹಿ ಮಾಡಿದರೆ ಅದು ಸುಳ್ಳಲ್ಲ. ಮಾಡದಿದ್ದರೂ ಅಲ್ಲ.

"ಯಾರಾದ್ರೂ ಬರೋರಿದಾರಾ?"

"ಇಲ್ಲ. ಯಾಕೆ?"

"ಆಗಿಂದ ಗಡಿಯಾರ ನೋಡ್ತಾನೇ ಇದೀರಿ."

"ಸುಮ್ಮನೆ."

"ನಿಮ್ಮ ಆಫೀಸಿನೋರು ಯಾರಾದ್ರೂ ಬಂದ್ರೆ ಮೊದಲೇ ಹೇಳಿ. ಮನೆ ನೋಡಿ ಹೇಗಿದೆ."

"ಯಾರೂ ಬರಲ್ಲ ಅಂದೆನಲ್ಲ."

ಬಾಗಿಲ ಗಂಟೆ ಬಾರಿಸಿತು.

ಹೆಂಡತಿ ಇಸ್ತ್ರಿಪೆಟ್ಟಿಗೆ ಎತ್ತಿ ನಿಲ್ಲಿಸಿದಳು. "ನೋಡಿ, ಯಾರು ಅಂತ."

ಅವನು ಎದ್ದು ಹೋದ. ಬೀಗಕ್ಕೆ ಕೈ ಹಾಕುವ ಮೊದಲು ಕಿಂಡಿಗೆ ಕಣ್ಣಿಟ್ಟ. ಯಾವಾಗಲೂ ಇಡುತ್ತಿದ್ದ, ಅದರಲ್ಲಿ ಯೋಚನೆಯೇನೂ ಇರಲಿಲ್ಲ.

ಹೊಸಬಳು ನಿಂತಿದ್ದಳು. ಕಿಂಡಿಯ ಗಾಜು ಅವಳ ಹಣೆಯನ್ನು ಉಬ್ಬಿಸಿ, ಕಾಲುಗಳನ್ನು ಕಿರಿದು ಮಾಡಿ, ಇಡೀ ಓಣಿಯನ್ನು ಅವಳ ಹಿಂದೆ ಬಗ್ಗಿಸಿತ್ತು. ಒಳ್ಳೆಯ ಬಟ್ಟೆ ಹಾಕಿಕೊಂಡು ಬಂದಿದ್ದಳು. ಕೈಯಲ್ಲಿ ಕಂದು ಬಣ್ಣದ ಲಕೋಟೆ. ಪಟ್ಟಿ ನೋಡಿದ್ದಾಳೋ ಇಲ್ಲವೋ ಮುಖದಿಂದ ಗೊತ್ತಾಗುತ್ತಿರಲಿಲ್ಲ. ಅವಳು ನೇರವಾಗಿ ಕಿಂಡಿಯನ್ನೇ ನೋಡುತ್ತಿದ್ದಳು.

ಆಗ ಅವನಿಗೆ ಹೊಳೆಯಿತು. ಅವನ ಬೆನ್ನ ಹಿಂದೆ ನಡುಮನೆಯ ದೀಪ ಉರಿಯುತ್ತಿತ್ತು.

ಅವನು ಉಸಿರು ಹಿಡಿದ. ಹೊರಗೆ ಅವಳ ತುಟಿಗಳು ಸಣ್ಣಗೆ ಅಲುಗುತ್ತಿದ್ದವು. ಏನೋ ಹೇಳುತ್ತಿದ್ದಾಳೆ ಎಂದುಕೊಂಡ. ಹೇಳುತ್ತಿರಲಿಲ್ಲ. ಎಣಿಸುತ್ತಿದ್ದಳು. ಅವನೂ ಜೊತೆಗೆ ಎಣಿಸತೊಡಗಿದ. ಎಲ್ಲಿಂದ ಶುರುಮಾಡಬೇಕೆಂದು ತಿಳಿಯದೆ ಇಪ್ಪತ್ತರಿಂದ ಹಿಡಿದ. ಈಗ ತೆರೆಯಬಹುದು. ಮೂವತ್ತು. ತೆರೆದು, ಸ್ನಾನಕ್ಕೆ ಹೋಗಿದ್ದೆ ಎನ್ನಬಹುದು. ನಲವತ್ತು. ಬಟ್ಟೆ ಹಾಕಿಕೊಂಡೇ ಇದ್ದೇನೆ. ಐವತ್ತು.

ಗಂಟೆ ಎರಡನೆಯ ಸಲ ಬಾರಿಸಿತು. ಸರಿಯಾಗಿ ಅರವತ್ತಕ್ಕೆ. ಒಳ್ಳೆಯ ಕೆಲಸಗಾರ್ತಿ.

"ಯಾರ್ರೀ?" ಹೆಂಡತಿ ಕೂಗಿದಳು.

ಅವಳ ದನಿ ಹೊರಗೆ ಕೇಳಿಸಿರಬೇಕು. ಹೊಸಬಳ ತುಟಿ ಒಂದು ಗಳಿಗೆ ನಿಂತು, ಮತ್ತೆ ಅಲುಗಿತು.

"ಯಾರೂ ಇಲ್ಲ," ಎಂದ. ಗಂಟಲಿನಿಂದ ಹೊರಟದ್ದು ಪಿಸುಮಾತು.

ಎರಡನೆಯ ಅರವತ್ತು ಮುಗಿಯಿತು. ಹೊಸಬಳು ಕೈಗಡಿಯಾರ ನೋಡಿಕೊಂಡಳು. ಬಾಗಿಲಿನ ಸಂಖ್ಯೆ ನೋಡಿದಳು. ಚೀಲದಿಂದ ಪೆನ್ನು ತೆಗೆದು, ಲಕೋಟೆಯನ್ನು ಎಡಗೈಯ ಮೇಲೆ ಹಲಗೆಯಂತೆ ಇಟ್ಟುಕೊಂಡು, ಅದರ ಮೇಲೆ ಏನೋ ಬರೆದಳು. ಒಂದೇ ಅಂಕಿ. ಬೇಜಾರು ಮಾಡಿಕೊಳ್ಳಲಿಲ್ಲ, ಬೈಯಲಿಲ್ಲ. ಅವನು ಕಲಿಸಿದ ಹಾಗೆಯೇ.

ಆದರೆ ಹೊರಡಲಿಲ್ಲ. ಪೆನ್ನನ್ನು ಚೀಲದೊಳಗಿಟ್ಟು, ತಲೆಯೆತ್ತಿ ಮತ್ತೆ ಕಿಂಡಿಯನ್ನು ನೋಡಿದಳು. ಏನನ್ನೋ ಕಾಯುತ್ತಿರುವವಳ ಹಾಗೆ.

ಏನನ್ನು ಕಾಯುತ್ತಿದ್ದಾಳೆಂದು ಅವನಿಗೆ ಗೊತ್ತಿತ್ತು. ಕಣ್ಣು ತೆಗೆದರೆ ಬೆಳಕು ಮರಳುತ್ತದೆ. ಅವನು ಕಣ್ಣನ್ನು ಗಾಜಿಗೆ ಇನ್ನಷ್ಟು ಒತ್ತಿದ. ರೆಪ್ಪೆ ಬಡಿಯದಿರಲು ನೋಡಿದ. ಓಣಿಯ ದೀಪಕ್ಕೆ ಹೊತ್ತು ಗೊತ್ತುಮಾಡಿದ್ದರು. ಮೂರು ನಿಮಿಷಕ್ಕೆ ತಾನೇ ಆರುತ್ತದೆ. ಆರಿತು. ಅವಳು ಕಾಣದಾದಳು.

ಹೆಜ್ಜೆಯ ಸದ್ದು ಕೇಳಲಿಲ್ಲ. ಹೋದಳೋ, ಕತ್ತಲಲ್ಲಿ ನಿಂತೇ ಇದ್ದಾಳೋ.

"ಅಲ್ಲೇನು ಮಾಡ್ತಾ ಇದೀರಿ? ಬನ್ನಿ ಈ ಕಡೆ," ಎಂದಳು ಹೆಂಡತಿ. ಇಸ್ತ್ರಿಪೆಟ್ಟಿಗೆ ಮತ್ತೆ ಉಸಿರುಬಿಡುವ ಸದ್ದು ಶುರುವಾಗಿತ್ತು.

ಅವನು ಬಾಗಿಲಿಗೆ ಎರಡೂ ಕೈ ಊರಿ, ಏನೂ ಕಾಣದ ಗಾಜಿಗೆ ಕಣ್ಣನ್ನು ಬಿರಡೆಯ ಹಾಗೆ ಕೊಟ್ಟು ನಿಂತೇ ಇದ್ದ.